ಹಳೇ ಕಾರಿನ ಹೀಟರ್ ವಾಲ್ವ್ ಸೋರುತ್ತಿದೆಯಾ? ಬದಲಿಗೆ ಏನು ಹಾಕಿಸಬಹುದು

ಮಲೆನಾಡಿನಲ್ಲಿ ಹಳೇ ಕಾರಿನ ಹೀಟರ್ ಕೆಲಸಕ್ಕೆ ಬರುವುದು ಚಳಿಗಾಲಕ್ಕಿಂತ ಮಳೆಗಾಲದಲ್ಲಿ ಜಾಸ್ತಿ. ಜುಲೈಯಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುತ್ತಿದ್ದೀರಿ ಅಂದುಕೊಳ್ಳಿ. ಒಳಗೆ ನಾಲ್ಕು ಜನ, ಕಾಲಡಿ ಒದ್ದೆ ಕೊಡೆಗಳು, ಕಿಟಕಿ ಏರಿಸಿದೆ. ಸ್ವಲ್ಪ ಹೊತ್ತಿಗೇ ಮುಂದಿನ ಗಾಜು ಒಳಗಡೆಯಿಂದ ಬೆಳ್ಳಗಾಗುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಒಂದು ತಿರುವು ಕಾಣುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಹೊಸ ಕಾರಾದರೆ ಎ.ಸಿ. ಹಾಕಿ ಗಾಜು ಒಣಗಿಸಬಹುದು. ಮೋರಿಸ್ ಮೈನರ್‌ನಂಥ ಹಳೇ ಗಾಡಿಯಲ್ಲಿ ಗಾಜಿನ ಬುಡದಿಂದ ಬರುವ ಬಿಸಿಗಾಳಿ ಒಂದೇ ದಾರಿ.

ಅದಕ್ಕೇ, ಹೀಟರ್ ವಾಲ್ವ್ ಸೋರಲು ಶುರುವಾದಾಗ ‘ನಮ್ಮೂರಲ್ಲಿ ಹೀಟರ್ ಯಾಕೆ ಸಾರ್, ಲೂಪ್ ಹೊಡೆದುಬಿಡೋಣ’ (ಅಂದರೆ ಹೀಟರನ್ನು ಬಿಟ್ಟು ಪೈಪನ್ನು ನೇರ ಎಂಜಿನ್ನಿಗೇ ವಾಪಸ್ ಜೋಡಿಸುವುದು) ಎಂಬ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. ಹಾಸನ, ಚಿಕ್ಕಮಗಳೂರಿನ ಎಷ್ಟೋ ತೋಟದ ಮನೆಗಳಲ್ಲಿ ಒಳ್ಳೊಳ್ಳೆ ಹಳೇ ಗಾಡಿಗಳಿವೆ. ಅವುಗಳ ಹೀಟರ್ ಸತ್ತಿರುವುದು ಹೆಚ್ಚಾಗಿ ಈ ಒಂದು ಸಣ್ಣ ವಾಲ್ವಿನಿಂದ. ಅದಕ್ಕೆ ದಾರಿಗಳು ಹಲವು. ಯಾವ ಗಾಡಿಗೆ ಯಾವುದು ಹೊಂದುತ್ತದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ವಾಲ್ವಿನ ಕೆಲಸ ಸರಳ. ಎಂಜಿನ್ನಿನಿಂದ ಬಿಸಿನೀರು ಹೀಟರ್ ಒಳಗಿನ ಪುಟ್ಟ ರೇಡಿಯೇಟರ್‌ಗೆ, ಅಂದರೆ ಕೋರ್‌ಗೆ, ಹೋಗಬೇಕೋ ಬೇಡವೋ ಅನ್ನುವುದನ್ನು ಅದು ತೀರ್ಮಾನಿಸುತ್ತದೆ. ಮಳೆಗಾಲದಲ್ಲಿ ಪೂರ್ತಿ ತೆರೆಯಬೇಕು. ಏಪ್ರಿಲ್‌ನಲ್ಲಿ ಹಾಸನದಿಂದ ಅರಸೀಕೆರೆ ಕಡೆ ಹೊರಟರೆ ಪೂರ್ತಿ ಮುಚ್ಚಬೇಕು, ಇಲ್ಲದಿದ್ದರೆ 80 ಡಿಗ್ರಿಯ ನೀರು ನಿಮ್ಮ ಮೊಣಕಾಲಿನ ಮುಂದೆ ಸುತ್ತುತ್ತಲೇ ಇರುತ್ತದೆ. ಯಾವ ಕಾಲದಲ್ಲೂ ಹೊರಗೆ ಒಂದು ಹನಿಯೂ ಬೀಳಬಾರದು.

ಈ ಹನಿಯ ವಿಷಯ ಬೆಟ್ಟದ ಊರಿನವರಿಗೆ ಮುಖ್ಯ. ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ 94ರ ಆಸುಪಾಸು. ಆ ಕಾಲದ ಎಂಜಿನ್ನುಗಳಿಗೆ ಸಾಮಾನ್ಯವಾಗಿ ಹಾಕುವ ಥರ್ಮೋಸ್ಟಾಟ್, ಅಂದರೆ ಬಿಸಿಯಾದ ನೀರನ್ನು ರೇಡಿಯೇಟರ್‌ಗೆ ಬಿಡುವ ಬಾಗಿಲು, 82 ಡಿಗ್ರಿಗೆ ತೆರೆಯುತ್ತದೆ. ನಡುವೆ ಉಳಿಯುವ ಜಾಗ ಎಷ್ಟು ಕಮ್ಮಿ ನೋಡಿ. ಆ ಜಾಗವನ್ನು ಹಿಗ್ಗಿಸುವುದು ರೇಡಿಯೇಟರ್ ಮುಚ್ಚಳದ ಒತ್ತಡ. 7 ಪಿ.ಎಸ್.ಐ. ಮುಚ್ಚಳ ಇದ್ದರೆ ಕುದಿಯುವ ಬಿಂದು ಹತ್ತು ಡಿಗ್ರಿಗಿಂತ ಸ್ವಲ್ಪ ಜಾಸ್ತಿಯೇ ಮೇಲೇರುತ್ತದೆ. ವಾಲ್ವಿನಿಂದ ಸಣ್ಣಗೆ ಸೋರುತ್ತಿದ್ದರೆ ಆ ಒತ್ತಡ ನಿಲ್ಲುವುದಿಲ್ಲ. ಊರೊಳಗೆ ಓಡುವಾಗ ಏನೂ ಗೊತ್ತಾಗದ ಸೋರಿಕೆ ಮುಳ್ಳಯ್ಯನಗಿರಿ ದಾರಿಯ ಕೈಮರದಿಂದ ಮೇಲೆ ಹತ್ತುವಾಗ ಗಾಡಿಯನ್ನು ಕುದಿಸುತ್ತದೆ. ಹಾಗಾಗಿ ‘ಒಂಚೂರು ಜಿನುಗುತ್ತೆ, ಪರವಾಗಿಲ್ಲ’ ಅನ್ನುವಂತಿಲ್ಲ.

ದುಡ್ಡು ಹಾಕುವ ಮುಂಚೆ

ವಾಲ್ವೇ ಕೆಟ್ಟಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಎಂಜಿನ್ ಬಿಸಿಯಾದ ಮೇಲೆ ಹೀಟರ್ ಲಿವರ್ ಪೂರ್ತಿ ಬಿಸಿಗೆ ಎಳೆದು, ಹೀಟರ್‌ಗೆ ಹೋಗುವ ಪೈಪು, ಅಲ್ಲಿಂದ ವಾಪಸ್ ಬರುವ ಪೈಪು ಎರಡನ್ನೂ ಮುಟ್ಟಿ ನೋಡಿ. ಫ್ಯಾನಿಗೆ ಕೈ ಸಿಗದಂತೆ ಜೋಪಾನ. ಎರಡೂ ಬಿಸಿಯಿದ್ದು ಗಾಳಿ ಮಾತ್ರ ತಣ್ಣಗಿದ್ದರೆ ತೊಂದರೆ ಬ್ಲೋವರ್‌ನಲ್ಲೋ ಗಾಳಿಯ ದಾರಿಯಲ್ಲೋ ಇದೆ. ಹೋಗುವ ಪೈಪು ಸುಡುತ್ತಿದ್ದು ವಾಪಸ್ ಪೈಪು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ. ಎರಡೂ ತಣ್ಣಗಿದ್ದರೆ ವಾಲ್ವ್ ಮುಚ್ಚಿಕೊಂಡೇ ಇದೆ, ಅಥವಾ ಕೇಬಲ್ ಜಾರಿದೆ, ಅಥವಾ ಎಂಜಿನ್ ಹೆಡ್ಡಿನಲ್ಲಿ (ಎಂಜಿನ್ನಿನ ಮೇಲಿನ ಭಾಗದಲ್ಲಿ) ನೀರು ಹೊರಬರುವ ತೂತೇ ತುಕ್ಕಿನ ಕೆಸರಿನಿಂದ ಮುಚ್ಚಿದೆ. ಈ ಕೊನೆಯದು ನಮ್ಮ ಕಡೆ ತುಂಬಾ ಸಾಮಾನ್ಯ. ತೋಟದ ಹಳ್ಳದ ನೀರನ್ನೇ ವರ್ಷಗಟ್ಟಲೆ ಸುರಿದ ಎಂಜಿನ್ನಿನ ಒಳಗೆ ಕೆಂಪು ಕೆಸರು ಹಿಂದಿನ ತುದಿಯಲ್ಲಿ ಬಂದು ಕೂತಿರುತ್ತದೆ. ಕಡೂರು, ಅರಸೀಕೆರೆ ಕಡೆಯ ಬೋರ್ ನೀರಾದರೆ ಬಿಳಿ ಸುಣ್ಣದ ಪದರ. ವಾಲ್ವ್ ಬಿಚ್ಚಿದಾಗ ಆ ತೂತಿಗೆ ತಂತಿ ಹಾಕಿ ಕೆದಕಿ ನೋಡದೆ ಹೊಸದು ಕೂರಿಸಬೇಡಿ.

ಇನ್ನೊಂದು ಮಾತು. ಕಾಲಡಿಯ ಮ್ಯಾಟು ಒದ್ದೆಯಾಗಿ ಕೂಲಂಟಿನ ಸಿಹಿ ವಾಸನೆ ಬರುತ್ತಿದ್ದರೆ ಸೋರುತ್ತಿರುವುದು ಕೋರ್. ವಾಲ್ವ್ ಮುಚ್ಚಿದರೆ ನಿಲ್ಲುತ್ತದೆ ಅಂತ ಹಲವರು ನಂಬಿದ್ದಾರೆ, ನಿಲ್ಲುವುದಿಲ್ಲ. ವಾಲ್ವ್ ಮುಚ್ಚುವುದು ಒಂದು ಕಡೆ ಮಾತ್ರ. ವಾಪಸ್ ಪೈಪಿನ ಕಡೆಯಿಂದ ಎಂಜಿನ್ನಿನ ಒತ್ತಡ ಕೋರ್ ಮೇಲೆ ಇದ್ದೇ ಇರುತ್ತದೆ.

ಮೊದಲಿದ್ದಂಥದ್ದೇ ಹೊಸದು

ಮೋರಿಸ್ ಮೈನರ್, ಮಿನಿ, ಎಂ.ಜಿ.ಬಿ. ತರಹದ ಬ್ರಿಟಿಷ್ ಗಾಡಿಗಳಲ್ಲಿ ವಾಲ್ವ್ ಇರುವುದು ಸಿಲಿಂಡರ್ ಹೆಡ್ಡಿನ ಹಿಂಭಾಗದಲ್ಲಿ. ಎರಡು ಸ್ಟಡ್, ಎರಡು ನಟ್ಟು, ನಡುವೆ ಒಂದು ಪ್ಯಾಕಿಂಗ್. ಪಕ್ಕದಲ್ಲಿ ಒಂದು ಪುಟ್ಟ ಲಿವರ್, ಅದಕ್ಕೆ ಡ್ಯಾಶ್‌ಬೋರ್ಡಿನಿಂದ ಬರುವ ಕೇಬಲ್. ನಮ್ಮ ಹಳೇ ಅಂಬಾಸಿಡರ್‌ನ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಕೂಡ ಎಂ.ಜಿ.ಬಿ.ಯ ಎಂಜಿನ್ನಿನ ಬಳಗದ್ದೇ, ಬಿ.ಎಂ.ಸಿ. ಕಂಪನಿಯ ಬಿ ಸೀರೀಸ್. ಹಾಗಂತ ವಾಲ್ವ್ ಹಾಗೇ ಕೂರುತ್ತದೆ ಅಂದುಕೊಂಡು ತರಿಸಬೇಡಿ. ಸ್ಟಡ್ಡಿನಿಂದ ಸ್ಟಡ್ಡಿಗೆ ಇರುವ ಅಂತರ, ಪೈಪು ಕೂರುವ ಮೂತಿ ಯಾವ ಕಡೆ ತಿರುಗಿದೆ, ಲಿವರ್ ಯಾವ ಕಡೆ ಎಳೆಯಬೇಕು, ಮೂರನ್ನೂ ಅಳೆದು ನೋಡಿಕೊಂಡೇ ತರಿಸಿ.

ಈ ದಾರಿಯ ಲಾಭ ಸ್ಪಷ್ಟ. ಏನೂ ಕತ್ತರಿಸಬೇಕಿಲ್ಲ. ಕೇಬಲ್ಲು, ಲಿವರ್ರು ಎಲ್ಲ ಮೊದಲಿನಂತೆ ನಡೆಯುತ್ತವೆ. ಬಾನೆಟ್ ಎತ್ತಿದರೆ ಗಾಡಿ ಗಾಡಿಯ ಹಾಗೇ ಕಾಣುತ್ತದೆ.

ತೊಂದರೆ ಇರುವುದು ಸಿಗುವ ಮಾಲಿನಲ್ಲಿ. ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲೋ ಇದನ್ನು ಹುಡುಕಿ ಪ್ರಯೋಜನವಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅದೃಷ್ಟ ಇದ್ದರೆ ಸಿಗಬಹುದು. ಇಲ್ಲದಿದ್ದರೆ ಇಂಗ್ಲೆಂಡಿನಿಂದ ತರಿಸಬೇಕು, ಆಗ ಕೊರಿಯರ್ ಮತ್ತು ಸುಂಕ ಸೇರಿ ಖರ್ಚು ಎಷ್ಟೋ ಪಟ್ಟಾಗುತ್ತದೆ. ಅಷ್ಟು ಕೊಟ್ಟರೂ ಹೊಸದಾಗಿ ತಯಾರಾಗುವ ನಕಲು ವಾಲ್ವುಗಳು ಎಲ್ಲವೂ ಒಂದೇ ಗುಣಮಟ್ಟದವಲ್ಲ. ಕೆಲವು ಮೊದಲ ದಿನವೇ ಲಿವರ್ ಬುಡದಲ್ಲಿ ಜಿನುಗುತ್ತವೆ. ಅದಕ್ಕೇ ಗಾಡಿಗೆ ಹಾಕುವ ಮುಂಚೆ ಮನೆಯಲ್ಲೇ ಪರೀಕ್ಷೆ ಮಾಡಿ. ವಾಲ್ವ್ ಮುಚ್ಚಿ, ಹೆಡ್ಡಿನ ಕಡೆಯ ಬಾಯಿಗೆ ಒಂದು ತುಂಡು ಪೈಪು ಹಿಡಿದು ಬಾಯಲ್ಲಿ ಊದಿ. ಗಾಳಿ ದಾಟಬಾರದು. ಆಮೇಲೆ ತೆರೆದು, ಇನ್ನೊಂದು ತುದಿ ಬೆರಳಲ್ಲಿ ಮುಚ್ಚಿ, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಊದಿ. ಲಿವರ್ ಬುಡದಲ್ಲಿ ಗುಳ್ಳೆ ಬಂದರೆ ಅಲ್ಲೇ ವಾಪಸ್ ಕಳಿಸಿ.

‘ಹಳೇ ಸ್ಟಾಕ್, ಡಬ್ಬಿ ಬಿಚ್ಚಿಲ್ಲ’ ಅಂತ ಯಾರಾದರೂ ಹೇಳಿದರೆ ಡಬ್ಬಿಗೆ ದುಡ್ಡು ಕೊಡಬೇಡಿ. ಒಳಗಿನ ರಬ್ಬರ್ ಡಬ್ಬಿಯಲ್ಲೇ ಇದ್ದರೂ ವಯಸ್ಸಾಗಿ ಗಟ್ಟಿಯಾಗಿರುತ್ತದೆ. ಅಂಥದ್ದನ್ನು ಕೊಂಡರೆ ರಿಪೇರಿ ಮಾಡಿಸುವ ಲೆಕ್ಕದಲ್ಲೇ ಕೊಳ್ಳಿ.

ಇದ್ದದ್ದನ್ನೇ ರಿಪೇರಿ ಮಾಡುವುದು

ನನಗೆ ಹೆಚ್ಚು ಇಷ್ಟವಾದ ದಾರಿ ಇದು. ಹಿಂದಿನವರು ಮಾಡಿದ ಲೋಹದ ಕೆಲಸ ಚೆನ್ನಾಗಿದ್ದರೆ ಅದನ್ನು ಎಸೆಯಲು ಮನಸ್ಸು ಬರುವುದಿಲ್ಲ, ಅಲ್ವಾ.

ಹಳೇ ವಾಲ್ವುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಶಂಕುವಿನಾಕಾರದ ಹಿತ್ತಾಳೆಯ ಬಿರಡೆ ಒಳಗೆ ತಿರುಗುವ ನಲ್ಲಿಯಂಥದ್ದು. ಇದು ರಿಪೇರಿಗೆ ಬಲು ಸುಲಭ. ಬಿಚ್ಚಿ ತೊಳೆದು, ಎಂಜಿನ್ ವಾಲ್ವುಗಳನ್ನು ಅರೆಯಲು ಬಳಸುವ ಗ್ರೈಂಡಿಂಗ್ ಪೇಸ್ಟಿನಲ್ಲಿ ಸಣ್ಣ ನಂಬರಿನದನ್ನು ಹಚ್ಚಿ, ಅದರದೇ ಗೂಡಿನಲ್ಲಿ ಆ ಕಡೆ ಈ ಕಡೆ ತಿರುಗಿಸುತ್ತಾ ಬನ್ನಿ. ಮೊದಲು ಅಲ್ಲಲ್ಲಿ ಕಪ್ಪು ಪಟ್ಟಿ ಉಳಿದಿರುತ್ತದೆ. ಸುತ್ತಲೂ ಒಂದೇ ಸಮ ಮಬ್ಬು ಬೂದು ಬಣ್ಣ ಬಂದರೆ ಕೂತಿದೆ ಅಂತ ಅರ್ಥ. ಪೇಸ್ಟನ್ನು ಸೀಮೆಎಣ್ಣೆಯಲ್ಲಿ ಒಂದು ಕಣವೂ ಉಳಿಯದಂತೆ ತೊಳೆದು ಜೋಡಿಸಿ.

ಇನ್ನೊಂದು ಜಾತಿಯಲ್ಲಿ ರಬ್ಬರಿನ ಡಯಾಫ್ರಮ್, ಅಂದರೆ ತೆಳು ಪೊರೆ, ಇರುತ್ತದೆ. ಎಂ.ಜಿ.ಬಿ. ವಾಲ್ವುಗಳ ರೋಗ ಇದೇ: ಡಯಾಫ್ರಮ್ ಹರಿದು, ನೀರು ಲಿವರ್ ಪಕ್ಕದಿಂದ ಇಳಿಯುತ್ತದೆ. ಮುಚ್ಚಳದ ಅಂಚನ್ನು ನಿಧಾನವಾಗಿ ಎತ್ತಿ ಒಳಗೆ ನೋಡಿದರೆ ಎಲ್ಲವೂ ಅಲ್ಲೇ ಬರೆದಂತಿರುತ್ತದೆ. ರಬ್ಬರಿನ ನಡುವೆ, ಕಡ್ಡಿ ಒತ್ತುವ ಜಾಗದಲ್ಲಿ, ಉಗುರಿನ ಗುರುತಿನಷ್ಟು ಸಣ್ಣ ಸೀಳು. ಅದರ ಸುತ್ತ ಒಣಗಿದ ಕೂಲಂಟಿನ ಬಿಳಿ ಹುಡಿ. ಮಡಚಿದರೆ ರಬ್ಬರು ಬಾಗುವುದಿಲ್ಲ, ಸಿಡಿಯುತ್ತದೆ.

ಹೊಸ ಡಯಾಫ್ರಮ್ಮಿಗೆ ಇ.ಪಿ.ಡಿ.ಎಂ. ರಬ್ಬರ್ ಹಾಳೆ ಸರಿ, ಒಳಗೆ ಬಟ್ಟೆಯ ಪದರ ಇರುವುದಾದರೆ ಇನ್ನೂ ಒಳ್ಳೆಯದು. ಬಿಸಿ ಕೂಲಂಟನ್ನು ಅದು ವರ್ಷಗಟ್ಟಲೆ ತಡೆಯುತ್ತದೆ. ಆದರೆ ಇ.ಪಿ.ಡಿ.ಎಂ.ಗೆ ಪೆಟ್ರೋಲಿಯಂ ಎಣ್ಣೆ, ಮಾಮೂಲಿ ಗ್ರೀಸ್ ಆಗುವುದಿಲ್ಲ, ಊದಿಕೊಂಡು ಮೆತ್ತಗಾಗುತ್ತದೆ. ಲಿವರ್ ಸಲೀಸಾಗಲಿ ಅಂತ ಗ್ರೀಸ್ ಹಚ್ಚುವುದಿದ್ದರೆ ಸಿಲಿಕಾನ್ ಗ್ರೀಸ್ ಮಾತ್ರ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿಕೊಡುತ್ತೇನೆ ಅಂದರೆ ಒಪ್ಪಬೇಡಿ.

ಮೈ ಹಿತ್ತಾಳೆಯದಾದರೆ ರಿಪೇರಿಗೆ ಕೈ ಹಾಕಿ. ಸತುವಿನ ಮಿಶ್ರಲೋಹದ ಎರಕವಾಗಿದ್ದು, ಕೂರುವ ಮುಖದಲ್ಲಿ ಗುಳಿ ಬಿದ್ದಿದ್ದರೆ ಅಥವಾ ನಟ್ಟು ಕೂರುವ ಕಿವಿಯಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೆ ಸುಮ್ನೆ ಸಮಯ ಹಾಳು. ಅಂಥ ವಾಲ್ವಿಗೆ ಮುಂದಿನ ದಾರಿ.

ಪೈಪಿನ ನಡುವೆ ಕೂರುವ ವಾಲ್ವ್

ಹೆಡ್ಡಿನ ಮೇಲಿನ ವಾಲ್ವ್ ತೆಗೆದು, ಆ ಜಾಗಕ್ಕೆ ಬರೀ ಮೂತಿ ಇರುವ ಪ್ಲೇಟು ಕೂರಿಸಿ, ಹೀಟರ್ ಪೈಪಿನ ನಡುವೆ ಬೇರೆ ವಾಲ್ವ್ ಹಾಕುವುದು. ಪ್ಲೇಟನ್ನು ಯಾವ ಲೇತ್ ಅಂಗಡಿಯಲ್ಲಾದರೂ ಮಾಡಿಕೊಡುತ್ತಾರೆ: ಎರಡು ತೂತಿನ ದಪ್ಪ ಪ್ಲೇಟು, ಅದಕ್ಕೆ ಬೆಸೆದ ತುಂಡು ಕೊಳವೆ. ಹಳೇ ಮಾರುತಿ ಕಾರುಗಳ ಹೀಟರ್ ಕಾಕ್ ಸಾಮಾನ್ಯ ಸ್ಪೇರ್ ಅಂಗಡಿಯಲ್ಲೇ ಕೇಳಬಹುದು. ಲೋಹದ್ದೂ ಇದೆ, ಪ್ಲಾಸ್ಟಿಕ್ಕಿನದೂ ಇದೆ.

ದಿನಾ ಓಡುವ ಅಂಬಾಸಿಡರ್, ಪದ್ಮಿನಿಗೆ ನನ್ನ ಓಟು ಇದಕ್ಕೇ. ಕೆಟ್ಟರೆ ಮೂಡಿಗೆರೆಯಲ್ಲಾದರೂ ಸಕಲೇಶಪುರದಲ್ಲಾದರೂ ಎರಡು ಕ್ಲಾಂಪ್ ಸಡಿಲಿಸಿ ಬದಲಿಸಬಹುದು. ಹೆಡ್ಡಿನ ಸ್ಟಡ್ಡುಗಳನ್ನು ಮತ್ತೆ ಮುಟ್ಟಬೇಕಿಲ್ಲ.

ನೋಡಬೇಕಾದ ವಿಷಯಗಳು ಕೆಲವು ಇವೆ. ಮೊದಲನೆಯದು ಅಳತೆ. ಬ್ರಿಟಿಷ್ ಗಾಡಿಗಳ ಹೀಟರ್ ಪೈಪು ಹೆಚ್ಚಾಗಿ ಅರ್ಧ ಇಂಚಿನದು, ಅಂದರೆ 12.7 ಮಿ.ಮೀ. ಮಾರುಕಟ್ಟೆಯ ಬಹಳಷ್ಟು ವಾಲ್ವುಗಳ ಮೂತಿ ಸುಮಾರು 16 ಮಿ.ಮೀ. ದೊಡ್ಡ ಮೂತಿಗೆ ಸಣ್ಣ ಪೈಪನ್ನು ಬಿಸಿನೀರಲ್ಲಿ ಅದ್ದಿ ತುರುಕಿದರೆ ಆ ಹೊತ್ತಿಗೆ ಕೂರುತ್ತದೆ, ಆಮೇಲೆ ಅಂಚಿನಲ್ಲಿ ಸೀಳುತ್ತದೆ. ಅಳತೆ ಬದಲಿಸುವ ಜೋಡಣೆ ಹಾಕಿಸಿ. ಎರಡನೆಯದು ಬಾಣದ ಗುರುತು. ವಾಲ್ವಿನ ಮೇಲೆ ಬಾಣ ಇದ್ದರೆ ಅದು ಎಂಜಿನ್ನಿನಿಂದ ಹೀಟರ್ ಕಡೆ ತೋರಿಸಬೇಕು, ಮತ್ತು ವಾಲ್ವ್ ಹೋಗುವ ಪೈಪಿನಲ್ಲೇ ಇರಬೇಕು. ವಾಪಸ್ ಪೈಪಿಗೆ ಹಾಕಿದರೆ ಮುಚ್ಚಿದಾಗಲೂ ಕೋರ್ ಅಷ್ಟಿಷ್ಟು ಬಿಸಿಯಾಗುತ್ತಲೇ ಇರುತ್ತದೆ.

ಮೂರನೆಯದು ಕೇಬಲ್ಲಿನ ದಿಕ್ಕು. ಕೆಲವು ವಾಲ್ವು ಎಳೆದರೆ ತೆರೆಯುತ್ತವೆ, ಕೆಲವು ತಳ್ಳಿದರೆ. ನಿಮ್ಮ ಡ್ಯಾಶ್‌ಬೋರ್ಡಿನ ಲಿವರ್ ಏನು ಮಾಡುತ್ತದೆ ಅಂತ ನೋಡಿಯೇ ಕೊಳ್ಳಿ. ಕೇಬಲ್ ಚಲಿಸುವ ದೂರ ಸಾಲದಿದ್ದರೆ ವಾಲ್ವ್ ಅರ್ಧ ತೆರೆದು ನಿಲ್ಲುತ್ತದೆ. ವಾಲ್ವಿನ ಲಿವರ್‌ನಲ್ಲಿ ತಿರುಗು ಬಿಂದುವಿಗೆ ಹತ್ತಿರ ಇನ್ನೊಂದು ತೂತು ಇದ್ದರೆ ಕೇಬಲ್ಲನ್ನು ಅಲ್ಲಿಗೆ ಬದಲಿಸಿ. ವಾಲ್ವ್ ಪೈಪಿನ ಮೇಲೆ ಜೋತಾಡಬಾರದು, ಒಂದು ಪಟ್ಟಿ ಬಗ್ಗಿಸಿ ಗಾಡಿಯ ಮೈಗೆ ಬಿಗಿಯಿರಿ. ಪ್ಲಾಸ್ಟಿಕ್ ವಾಲ್ವಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ.

ನಾಲ್ಕು ಬಾಯಿಯ ವಾಲ್ವುಗಳೂ ಇವೆ. ಹೀಟರ್ ಮುಚ್ಚಿದಾಗ ಇವು ನೀರನ್ನು ನಿಲ್ಲಿಸದೆ ನೇರ ವಾಪಸ್ ಪೈಪಿಗೆ ತಿರುಗಿಸುತ್ತವೆ. ಥರ್ಮೋಸ್ಟಾಟ್ ಮುಚ್ಚಿರುವಾಗ ಹೀಟರ್ ದಾರಿಯಲ್ಲೇ ನೀರು ಸುತ್ತಬೇಕಾದ ಎಂಜಿನ್ನುಗಳಿಗೆ ಇದೇ ಬೇಕು. ಮೋರಿಸ್ ಮೈನರ್‌ನ ಎ ಸೀರೀಸ್ ಎಂಜಿನ್ನಿನಲ್ಲಿ ಹೆಡ್ಡಿಗೂ ವಾಟರ್ ಪಂಪಿಗೂ ನಡುವೆ ಬೇರೆಯೇ ಗಿಡ್ಡ ಪೈಪು ಇದೆ, ಹಾಗಾಗಿ ಎರಡು ಬಾಯಿಯದು ಸಾಕು.

ಹಿತ್ತಾಳೆಯ ಬಾಲ್ ವಾಲ್ವ್

ಹಾರ್ಡ್‌ವೇರ್ ಅಂಗಡಿಯ ಕಾಲು ಸುತ್ತಿನ ಬಾಲ್ ವಾಲ್ವ್, ಎರಡು ಕಡೆ ಹಲ್ಲಿನ ನಿಪ್ಪಲ್. ಎಲ್ಲಕ್ಕಿಂತ ಅಗ್ಗ. ಮುಚ್ಚುವ ವಿಷಯದಲ್ಲಿ ಇದಕ್ಕೆ ಸಮ ಇಲ್ಲ, ಒಂದು ಹನಿಯೂ ದಾಟುವುದಿಲ್ಲ. ಕೊರತೆ ಒಂದೇ: ಬಾನೆಟ್ ಎತ್ತಿಯೇ ತಿರುಗಿಸಬೇಕು. ಘಾಟಿಯ ನಡುವೆ ಗಾಜು ಮುಚ್ಚಿದಾಗ ಇಳಿದು ಬಾನೆಟ್ ಎತ್ತುವುದು ಆಗುವ ಮಾತಲ್ಲ. ಮುಂಗಾರು ಹಿಡಿದ ಕೂಡಲೇ ತೆರೆದು, ದಸರಾ ಆದ ಮೇಲೆ ಮುಚ್ಚುತ್ತೇನೆ, ನಡುವೆ ಬಿಸಿಗಾಳಿಯನ್ನು ಬ್ಲೋವರ್‌ನಿಂದಲೇ ನೋಡಿಕೊಳ್ಳುತ್ತೇನೆ ಅನ್ನುವವರಿಗೆ ಸಾಕು. ಅರ್ಧ ತೆರೆದು ಬಿಡಬೇಡಿ, ಒಳಗಿನ ಸೀಟು ಸವೆಯುತ್ತದೆ. ಹಿಡಿಕೆಯನ್ನು ತಂತಿಯಲ್ಲಿ ಕಟ್ಟಿ, ಅದುರುವಿಕೆಗೆ ತಾನೇ ತಿರುಗಬಾರದು. ಪಿ.ವಿ.ಸಿ., ಸಿ.ಪಿ.ವಿ.ಸಿ. ವಾಲ್ವು ಎಂಜಿನ್ ಹತ್ತಿರ ಬೇಡವೇ ಬೇಡ.

ಲೂಪ್

ದಾರಿಯಲ್ಲಿ ಪೈಪು ಒಡೆದರೆ, ಕೋರ್ ಸೋರಿದರೆ, ಮನೆ ಸೇರುವ ತನಕ ಲೂಪ್ ಒಳ್ಳೆಯದೇ. ಹೆಡ್ಡಿನ ಮೂತಿಯಿಂದ ವಾಪಸ್ ಮೂತಿಗೆ ಒಂದೇ ಪೈಪು. ಅದಕ್ಕೆ ಸಾಕಾಗುವಷ್ಟು ಪೈಪು, ಎರಡು ಕ್ಲಾಂಪು ಡಿಕ್ಕಿಯಲ್ಲಿ ಇಟ್ಟಿರಿ. ಆದರೆ ಅದನ್ನೇ ಕಾಯಂ ಮಾಡಿದರೆ, ಗಾಜಿನ ಮಾತು ಹಾಗಿರಲಿ, ಸ್ವಲ್ಪ ಬಿಸಿನೀರು ಯಾವಾಗಲೂ ರೇಡಿಯೇಟರ್‌ಗೆ ಹೋಗದೆ ನೇರ ಪಂಪಿಗೆ ವಾಪಸ್ ಬರುತ್ತಿರುತ್ತದೆ. ಶಿರಾಡಿ ಹತ್ತುವಾಗ ಅದೂ ಲೆಕ್ಕಕ್ಕೆ ಬರುತ್ತದೆ.

ಕೂರಿಸುವಾಗ

ಹೆಡ್ಡಿನ ಮೇಲೆ ಕೂರುವ ವಾಲ್ವಾದರೆ ಇಡೀ ಕೆಲಸದ ಕಷ್ಟ ಆ ಎರಡು ಸ್ಟಡ್ಡಿನಲ್ಲಿದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಯಲು ಬಿಡಿ. ನಟ್ಟನ್ನು ಒಂದೇ ಸಲ ಬಿಚ್ಚಲು ಹೋಗದೆ ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿದು, ಮತ್ತೆ ಎಣ್ಣೆ ಹಾಕಿ. ಸ್ಟಡ್ ಮುರಿದರೆ ಫೈರ್‌ವಾಲಿನ ಹತ್ತಿರ ಡ್ರಿಲ್ ಹಿಡಿಯಲು ಜಾಗ ಸಿಗುವುದಿಲ್ಲ, ಹೆಡ್ಡೇ ಇಳಿಸಬೇಕಾಗಬಹುದು. ಮೆಕ್ಯಾನಿಕ್ ಅವಸರದಲ್ಲಿದ್ದರೆ ಆ ದಿನ ಕೆಲಸ ಬೇಡ, ಇನ್ನೊಂದು ದಿನ ಬರುತ್ತೇನೆ ಅನ್ನಿ.

ಹೆಡ್ಡಿನ ಮುಖದಿಂದ ಹಳೇ ಪ್ಯಾಕಿಂಗ್ ಪೂರ್ತಿ ಕೆರೆದು ತೆಗೆಯಿರಿ. ವಾಲ್ವಿನ ಮುಖ ಸಮತಟ್ಟಾಗಿದೆಯಾ ಅಂತ ಗಾಜಿನ ಮೇಲೆ ಸಣ್ಣ ಎಮರಿ ಕಾಗದ ಹಾಸಿ ಉಜ್ಜಿ ನೋಡಿದರೆ ತಗ್ಗಿನ ಜಾಗ ಹೊಳೆಯದೆ ಉಳಿಯುತ್ತದೆ. ಹೊಸ ಪ್ಯಾಕಿಂಗ್ ಹಾಕಿ, ಎರಡು ನಟ್ಟನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದೇ ಕಡೆ ಜೋರಾಗಿ ಬಿಗಿದರೆ ವಾಲ್ವಿನ ಕಿವಿ ಪಟ್ಟನೆ ಸೀಳುತ್ತದೆ.

ಕೂಲಂಟ್ ಇಳಿಸುವುದು ಎಂಜಿನ್ ತಣ್ಣಗಿದ್ದಾಗ ಮಾತ್ರ. ಪೂರ್ತಿ ಖಾಲಿ ಮಾಡಬೇಕಿಲ್ಲ, ಹೆಡ್ಡಿನ ಮಟ್ಟಕ್ಕಿಂತ ಕೆಳಗೆ ಬಂದರೆ ಸಾಕು. ಇಳಿಸಿದ್ದನ್ನು ಅಂಗಳದಲ್ಲಿ ತೆರೆದು ಇಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿಗಳು ನೆಕ್ಕುತ್ತವೆ, ಸ್ವಲ್ಪ ಹೊಟ್ಟೆಗೆ ಹೋದರೂ ಸಾಯುತ್ತವೆ. ಮತ್ತೆ ತುಂಬುವಾಗ ಡಿಸ್ಟಿಲ್ಡ್ ನೀರಿಗೆ ಕೂಲಂಟ್ ಬೆರೆಸಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ ನಿಜ, ಆದರೆ ಅದರಲ್ಲಿರುವ ತುಕ್ಕು ತಡೆಯುವ ಔಷಧ ಬೇಕೇ ಬೇಕು.

ಗಾಡಿಯ ಮೂತಿ ಮೇಲಾಗಿ ಏರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹೀಟರ್ ಪೂರ್ತಿ ತೆರೆದು ನಿಧಾನವಾಗಿ ತುಂಬಿ. ಹೀಟರ್‌ನಿಂದ ವಾಪಸ್ ಬರುವ ಪೈಪನ್ನು ಸಡಿಲಿಸಿ ಹಿಡಿದರೆ ಮೊದಲು ಗಾಳಿ, ಆಮೇಲೆ ನೀರು ಬರುತ್ತದೆ. ನೀರು ಒಂದೇ ಸಮ ಬಂದಾಗ ಕ್ಲಾಂಪ್ ಹಾಕಿ. ಕೇಬಲ್ ಹೊಂದಿಸುವಾಗ ಮೊದಲು ವಾಲ್ವನ್ನು ಕೈಯಲ್ಲಿ ಪೂರ್ತಿ ಮುಚ್ಚಿ, ಒಳಗಿನ ಲಿವರ್ ತಣ್ಣನೆಯ ತುದಿಯಲ್ಲಿಟ್ಟು, ಆಮೇಲೆ ಕೇಬಲ್ ಬಿಗಿಯಿರಿ. ಒಂದು ಸಲ ಚೆನ್ನಾಗಿ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಎಲ್ಲ ಕ್ಲಾಂಪುಗಳನ್ನು ಇನ್ನೊಮ್ಮೆ ಕಾಲು ಸುತ್ತು ನೋಡಿ, ವಾಲ್ವಿನ ಬುಡಕ್ಕೆ ಒಣ ಕಾಗದ ಒತ್ತಿ ತೆಗೆದು ನೋಡಿ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಲಿವರನ್ನು ತುದಿಯಿಂದ ತುದಿಗೆ ಎರಡು ಮೂರು ಸಲ ಆಡಿಸಿ. ಆಡಿಸದೆ ಬಿಟ್ಟ ವಾಲ್ವ್ ಜೂನ್ ಬರುವಷ್ಟರಲ್ಲಿ ಹಿಡಿದುಕೊಂಡಿರುತ್ತದೆ.